ಬುರುಲ್ ಮಗನನ್ನು ಕೆಳಗಿಳಿಸಿದ ಶುಕ್ರವಾರ

"ನನ್ನ ಮಗ ನಿದ್ದೇಲಿ ನಡೀತಾನೆ ಖಾಲಾ. ನಗಬೇಡಿ, ಎದ್ದು ಓಡಾಡ್ತಾನೆ ಅಂತಲ್ಲ ನಾನು ಹೇಳಿದ್ದು. ಮಧ್ಯಾಹ್ನ ಕಿಟಕಿ ಮುಚ್ಚಿ ಮಲಗಿಸ್ತೀನಲ್ಲ, ಆ ಹಲಗೆಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಅವನ ಮೈಮೇಲೆ ಬೀಳುತ್ತೆ. ಆವಾಗ ನೋಡಬೇಕು ನೀವು ಆ ಕಾಲುಗಳನ್ನ. ಮೊದಲು ಎಡಗಾಲು ಒಂಚೂರು ಅಲ್ಲಾಡುತ್ತೆ, ಆಮೇಲೆ ಬಲಗಾಲು. ಮತ್ತೆ ಎಡಗಾಲು. ಆತುರವೇ ಇಲ್ಲ, ಗೊತ್ತಿರೋ ದಾರೀಲಿ ಹೋಗೋರ ಹಾಗೆ. ನಡುವೆ ಎಲ್ಲೋ ನಿಲ್ತಾನೆ, ಏನನ್ನೋ ನೋಡಿ ನಗ್ತಾನೆ, ಮತ್ತೆ ಹೊರಡ್ತಾನೆ. ನಮ್ಮೂರ ಬೆಟ್ಟದ ಮೇಲಿನ ಹುಲ್ಲುಗಾವಲಿಗೇ ಹೋಗ್ತಾನೇನೋ ಅನ್ಸುತ್ತೆ ನಂಗೆ. ಅದನ್ನ ಅವನು ಕಣ್ಣಲ್ಲಿ ಕಂಡೋನೇ ಅಲ್ಲ, ಇಲ್ಲೇ ಹುಟ್ಟಿದೋನು. ಆದ್ರೂ ಅಲ್ಲಿಗೇ ಹೋಗ್ತಾನೆ. ನಾನು ಪಕ್ಕದಲ್ಲಿ ಕೂತು ಉಸಿರು ಬಿಗಿಹಿಡಿದು ನೋಡ್ತಿರ್ತೀನಿ. ಎದ್ದಮೇಲೆ ಕೆಳಗೆ ನಿಲ್ಲಿಸಿದ್ರೆ, ಅಯ್ಯೋ, ಒದ್ದೆ ಬಟ್ಟೆ ಹಾಗೆ ಕುಸಿದು ಕೂತ್ಕೋತಾನೆ. ಎರಡೂ ಕೈ ಮೇಲೆತ್ತಿ 'ಎತ್ಕೋ' ಅಂತಾನೆ. ನಾನು ಎತ್ಕೋತೀನಿ. ನಿದ್ದೇಲಿ ಅಷ್ಟು ದೂರ ಹೋಗಿಬರೋನಿಗೆ ಎಚ್ಚರದಲ್ಲಿ ನಾಲ್ಕು ಹೆಜ್ಜೆ ಯಾಕೆ ಬರಲ್ಲ, ಹೇಳಿ?"

ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ ಬುರುಲ್ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಎಡಸೊಂಟದ ಮೇಲೆ ಎರ್ಮೆಕ್ ಕೂತಿದ್ದ. ಎರಡು ವರ್ಷಕ್ಕೆ ಹತ್ತಿರವಾದ, ತುಂಬುಗೆನ್ನೆಯ, ಸಣ್ಣಕಣ್ಣಿನ ಹುಡುಗ. ಒಂದೇ ಕೈಯಲ್ಲಿ ಬಟ್ಟೆ ಹಿಂಡಿ, ಕೊಡವಿ, ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಇನ್ನೊಂದು ಕೈ ಇದೆ ಎನ್ನುವುದೇ ಮರೆತಂತಿತ್ತು.

ಕೇಳುತ್ತ ಕೂತಿದ್ದವಳು ಕೆಳಮನೆಯ ಉಮ್ ಶೌಕಿ, ಅಂದರೆ ಶೌಕಿಯ ತಾಯಿ. ಗಂಡ ತೀರಿಕೊಂಡ ಮೇಲೆ ಆ ಕಟ್ಟಡದ ಎಲ್ಲ ಮನೆಗಳ ಸುಖದುಃಖವನ್ನೂ ತನ್ನದೆಂದು ಹೊತ್ತುಕೊಂಡ ದಪ್ಪ ಹೆಂಗಸು. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಅಂದಳು:

"ನಿನ್ನ ಸೊಂಟ ಬಿಟ್ಟು ಇಳಿದ್ರಲ್ವೇನೇ ಅವನು ನಡೆಯೋದು? ಕೂತಲ್ಲಿಗೇ ಕುದುರೆ ಸಿಕ್ಕಿರೋವಾಗ ಕಾಲು ಸವೆಸೋಕೆ ಅವನಿಗೇನು ಹುಚ್ಚಾ?"

ಬುರುಲ್ ನಕ್ಕಳು. ನಕ್ಕರೂ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಅವಳ ಗಂಡ ತಾಲಾಯ್ ಕೈರೋದ ಅಜ್ಹರ್ ವಿಶ್ವವಿದ್ಯಾಲಯದಲ್ಲಿ ಓದಲು ಬಂದವನು. ಓದು ಒಂದಾದ ಮೇಲೊಂದು ಬೆಳೆಯಿತು, ಜೊತೆಗೆ ಸಂಜೆ ಮಕ್ಕಳಿಗೆ ಪಾಠ ಹೇಳುವ ಕೆಲಸವೂ ಸೇರಿತು. ಕಿರ್ಗಿಸ್ತಾನದ ಬೆಟ್ಟದೂರಿನಿಂದ ಬುರುಲ್ ಅವನ ಹಿಂದೆ ಕೈರೋಗೆ ಬಂದಾಗ ಮಗಳು ಮೇರಿಮ್ ಕೈಗೂಸು. ಹತ್ತನೇ ಬಡಾವಣೆಯ ನಾಲ್ಕನೇ ಮಹಡಿಯ ಮನೆ. ಬಾಗಿಲು ತೆರೆದರೆ ಹುಲ್ಲು, ಹುಲ್ಲಿನಾಚೆ ಕುದುರೆ, ಕುದುರೆಯಾಚೆ ಹಿಮ ಕಂಡು ಬೆಳೆದವಳಿಗೆ ಇಲ್ಲಿ ಬಾಗಿಲು ತೆರೆದರೆ ಎದುರುಮನೆಯ ಬಾಗಿಲು. ಮೊದಮೊದಲು ಮಧ್ಯಾಹ್ನದ ಹೊತ್ತು ಮರಳುಗಾಳಿ ಎದ್ದು ಆಕಾಶವೆಲ್ಲ ಕೆನೆಚಹಾದ ಬಣ್ಣಕ್ಕೆ ತಿರುಗಿದಾಗ, ಊರು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಯಿತೆಂದೇ ತಿಳಿಯುತ್ತಿರಲಿಲ್ಲ. ಮಗಳನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದಳು. ಆ ಭಾರವೊಂದು ಇರದಿದ್ದರೆ ತಾನೂ ಧೂಳಿನ ಜೊತೆ ಎದ್ದು ಎಲ್ಲಾದರೂ ಹೋಗಿಬಿಡುತ್ತೇನೆ ಅನ್ನಿಸುತ್ತಿತ್ತು.

ಮೇರಿಮ್ ಬೇಗ ನಡೆದಳು. ನಡೆದವಳು ಮೊದಲು ಹೊಸ್ತಿಲಿಗೆ, ಆಮೇಲೆ ಮೆಟ್ಟಿಲಿಗೆ, ಆಮೇಲೆ ಉಮ್ ಶೌಕಿಯ ಅಡುಗೆಮನೆಗೆ ಹೋದಳು. ಹೋದವಳು ಹೋದಂತೆ ಬರಲಿಲ್ಲ. ಬಾಯಲ್ಲಿ ಬೇಳೆಸಾರಿನ ವಾಸನೆ, ನಾಲಿಗೆಯಲ್ಲಿ ಕೈರೋದ ಮಾತು. ಈಗ ಆರು ವರ್ಷಕ್ಕೆ ಬೀದಿಯ ಅರ್ಧ ಜನ ಅವಳ ಗೆಳೆಯರು. ರೊಟ್ಟಿಯಂಗಡಿಯವನ ಜೊತೆ ಅವಳು ಜಗಳವಾಡುವುದನ್ನು ಮೇಲಿನಿಂದ ನೋಡುವಾಗ ಬುರುಲ್‌ಗೆ ಹೆಮ್ಮೆಯೂ ಆಗುತ್ತಿತ್ತು, ಯಾರದೋ ಮಗಳನ್ನು ನೋಡಿದಂತೆಯೂ ಆಗುತ್ತಿತ್ತು.

ಆದ್ದರಿಂದಲೋ ಏನೋ, ಎರ್ಮೆಕ್ ಹುಟ್ಟಿದ ಮೇಲೆ ಅವಳು ಅವನನ್ನು ಕೆಳಗೆ ಬಿಡಲೇ ಇಲ್ಲ. ಕೇಳಿದವರಿಗೆಲ್ಲ ಒಂದೊಂದು ಕಾರಣ. ನೆಲದ ಟೈಲ್ಸ್ ತಣ್ಣಗಿದೆ. ಬೀದಿಯಲ್ಲಿ ಗಾಜಿನ ಚೂರು. ಮೋಟಾರ್‌ಬೈಕಿನವರಿಗೆ ಕಣ್ಣು ಕಾಣಲ್ಲ. ರೊಟ್ಟಿಯ ಸಾಲಿನಲ್ಲಿ ಅವನು ಸೊಂಟದ ಮೇಲೆ, ಶಾಲೆಯ ಗೇಟಿನಲ್ಲಿ ಬೆನ್ನ ಮೇಲೆ, ಹಿಟ್ಟು ನಾದುವಾಗ ಶಾಲಿನ ಜೋಳಿಗೆಯಲ್ಲಿ. ಹೀಗೆ ದಿನಗಳು ಹೋದವು. ಸುತ್ತಲಿನ ಓರಗೆಯ ಮಕ್ಕಳೆಲ್ಲ ಓಡತೊಡಗಿದಾಗ ಅವಳ ಎದೆಯಲ್ಲಿ ಸಣ್ಣಗೆ ಕಲ್ಲೊಂದು ಕೂತಿತು. ಡಾಕ್ಟರು ಕಾಲು, ಸೊಂಟ ಎಲ್ಲ ಮುಟ್ಟಿ ಬಗ್ಗಿಸಿ ನೋಡಿ, "ಏನೂ ತೊಂದರೆ ಇಲ್ಲ, ಬಿಡಿ, ನಡೀತಾನೆ" ಅಂದರು. 'ಬಿಡಿ' ಅಂದದ್ದು ಯೋಚನೆಯನ್ನೋ ಮಗುವನ್ನೋ ಎಂದು ಬುರುಲ್ ಕೇಳಲಿಲ್ಲ.

ತಾರಸಿಯ ಮೇಲೆ ಅವತ್ತು ಉಮ್ ಶೌಕಿ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಹೇಳಿದಳು: "ಬರೋ ಶುಕ್ರವಾರ ಇವನನ್ನ ಮಸೀದಿ ಮೆಟ್ಟಿಲ ಮೇಲೆ ಕೂರಿಸೋಣ. ಎರಡೂ ಕಾಲು ಸೇರಿಸಿ ಖರ್ಜೂರದ ಗರಿ ಕಟ್ಟಿ. ನಮಾಜು ಮುಗಿಸಿ ಮೊದಲು ಹೊರಗೆ ಬಂದೋನು ಅದನ್ನ ಕತ್ತರಿಸ್ತಾನೆ. ನನ್ನ ಶೌಕಿನೂ ಹೀಗೇ ನಡೆದಿದ್ದು."

ಬುರುಲ್‌ಳ ಮುಖ ಬಿಳಿಚಿಕೊಂಡಿತು. "ನಮ್ಮಲ್ಲೂ ಕತ್ತರಿಸ್ತಾರೆ ಖಾಲಾ. ಆದ್ರೆ ಮಗು ನಡೆದ ಮೇಲೆ!"

ಅವಳ ಊರಲ್ಲಿ ಮಗು ಮೊದಲ ಹೆಜ್ಜೆ ಇಟ್ಟ ಮೇಲೆ, ಕಪ್ಪು ಬಿಳಿ ಉಣ್ಣೆ ಹೊಸೆದ ದಾರದಿಂದ ಎರಡೂ ಕಾಲು ಸೇರಿಸಿ ಕಟ್ಟಿ ನಿಲ್ಲಿಸುತ್ತಾರೆ. ದೂರದಿಂದ ಹುಡುಗರು ಪಂದ್ಯ ಕಟ್ಟಿ ಓಡಿ ಬರುತ್ತಾರೆ. ಗೆದ್ದವನು ದಾರ ಕೊಯ್ಯುತ್ತಾನೆ. ಅವನ ಓಟ ಮಗುವಿನ ಕಾಲಿಗೆ ಬರುತ್ತದೆಂದು ನಂಬಿಕೆ. ಅತ್ತೆ ತಾನೇ ಹೊಸೆದ ದಾರವನ್ನು ಎಂದೋ ಕಳಿಸಿದ್ದಳು. ಚಹಾ ಡಬ್ಬಿಯಲ್ಲಿ ಅದು ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು. ನಡೆಯದವನ ದಾರ ಕೊಯ್ದರೆ ಏನಾಗುತ್ತದೋ ಯಾರಿಗೆ ಗೊತ್ತು? ಯಾರೂ ಮಾಡಿದ್ದಿಲ್ಲ.

"ನಡೆದ ಮೇಲೆ ಬಿಚ್ಚೋಕೆ ಏನಿರುತ್ತೆ?" ಉಮ್ ಶೌಕಿ ಬಿಡಲಿಲ್ಲ. "ಜ್ವರ ಬಿಟ್ಟಮೇಲೆ ಮಾತ್ರೆ ಕೊಡ್ತಾರಾ ನಿಮ್ಮೂರಲ್ಲಿ? ನಿನ್ನ ಅತ್ತೆಗೆ ಫೋನ್ ಹಚ್ಚು. ನಾನು ಮಾತಾಡ್ತೀನಿ."

ಸಂಜೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದರು. ಪರದೆಯೊಳಗೆ ಬಿಳಿ ರುಮಾಲಿನ ಅತ್ತೆ, ಹೊರಗೆ ಕಪ್ಪು ಶಾಲಿನ ಉಮ್ ಶೌಕಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಡುವೆ ಮೇರಿಮ್ ಕಾಲು ಮಡಚಿ ಕೂತು ಇಬ್ಬರಿಗೂ ಹೇಳುವ ಕೆಲಸ ಹಿಡಿದಳು. ತಾಲಾಯ್ ಮಾತ್ರ, "ಇದು ಧರ್ಮದಲ್ಲೂ ಇಲ್ಲ, ಡಾಕ್ಟರ ಚೀಟಿಯಲ್ಲೂ ಇಲ್ಲ, ಇಬ್ಬರು ಅಜ್ಜಿಯರ ನಡುವೆ ನನ್ನನ್ನ ಎಳೀಬೇಡಿ" ಎಂದು ಪುಸ್ತಕ ಹಿಡಿದು ಕೋಣೆಗೆ ಹೋದ.

ಅತ್ತೆ ಬಹಳ ಹೊತ್ತು ಕೈಬೀಸಿ ಬೀಸಿ ಮಾತಾಡಿದಳು. ಮೇರಿಮ್ ಕೆಳಗಿನಜ್ಜಿಯ ಕಡೆ ತಿರುಗಿ, "ಬೇಡ ಅಂತಿದ್ದಾರೆ" ಅಂದಳು.

"ಅಷ್ಟೊತ್ತು ಬೈದಿದ್ದು ಇಷ್ಟೇನಾ?"

"ಮಿಕ್ಕಿದ್ದು ಅಮ್ಮಂಗೆ."

ಬುರುಲ್ ತಲೆ ತಗ್ಗಿಸಿ ನಗು ನುಂಗಿದಳು.

"ಕೇಳು ಅಜ್ಜೀನ," ಉಮ್ ಶೌಕಿ ಮುಂದೆ ಬಾಗಿದಳು, "ಅಲ್ಲಿ ಯಾರು ಕತ್ತರಿಸ್ತಾರೆ?"

"ಎಲ್ಲರಿಗಿಂತ ಮುಂದೆ ಓಡಿ ಬಂದೋರು, ಅಂತೆ. ದಾರೀಲಿ ಹೋಗೋ ಯಾವನೋ ಅಲ್ಲ, ಅಂತೆ. ನಿಮ್ಮಲ್ಲಿ ಎಂಥೆಂಥೋರು ಬರ್ತಾರೋ, ಅಂತೆ."

"ಹಾಗಾದ್ರೆ ಹೇಳು. ಇಡೀ ಮಸೀದಿ ಜನ ಒಳಗಿರೋವಾಗ ಎಲ್ಲರಿಗಿಂತ ಮೊದಲು ಹೊರಗೆ ಬರೋನು ಯಾರು? ಓಟಗಾರ ತಾನೇ?"

ಇದು ಬೆಟ್ಟ ಹತ್ತಿ ಇಳಿದು ಅತ್ತೆಯ ಕಿವಿ ಮುಟ್ಟಿದಾಗ ಆಕೆ ಒಲೆಗೆ ಒಂದು ತುಂಡು ಕಟ್ಟಿಗೆ ನೂಕಿದಳು. ಪರದೆಯಲ್ಲಿ ಒಲೆಯ ಬೆಳಕು ಅಲ್ಲಾಡಿತು. ಆಮೇಲೆ ನಿಧಾನಕ್ಕೆ ಅಂದಳು: "ಹೊಸ್ತಿಲು ಅವರದಾಗ್ಲಿ, ದಾರ ನಮ್ಮದೇ ಇರ್ಲಿ. ಬುರುಲ್, ನೀನು ಏನಂತೀಯ? ಮಗು ನಿನ್ನದು."

ಅವಳನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ತೊಡೆಯ ಮೇಲೆ ಎರ್ಮೆಕ್ ಬೆಚ್ಚಗೆ ತೂಕಡಿಸುತ್ತಿದ್ದ. ಅವನು ನಡೆಯಲಿ ಎಂದು ಬೇಡಿದಷ್ಟೇ, ಇನ್ನೊಂದಿಷ್ಟು ದಿನ ಹೀಗೇ ಇರಲಿ ಎಂದೂ ತಾನು ಬೇಡಿಕೊಂಡಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು.

"ಆಗ್ಲಿ ಅತ್ತೇ" ಅಂದಳು.

ಶುಕ್ರವಾರ ಬೀದಿ ತಿರುವಿನ ಸಣ್ಣ ಮಸೀದಿಯ ಮುಂದೆ ಹೆಂಗಸರಿಬ್ಬರೂ ಮೇರಿಮ್‌ಳೂ ಮರದ ನೆರಳಲ್ಲಿ ನಿಂತರು. ಎರ್ಮೆಕ್ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ, ಕಾಲಿಗೆ ಕಪ್ಪು ಬಿಳಿ ದಾರ, ಮಡಿಲಲ್ಲಿ ಒಂದು ಹಿಡಿ ಖರ್ಜೂರ. ಬಿಸಿಲಿಗೆ ಬೀದಿಯೆಲ್ಲ ಕಣ್ಣುಮುಚ್ಚಿ ಮಲಗಿದಂತಿತ್ತು. ಒಳಗಿನಿಂದ ಪ್ರಾರ್ಥನೆಯ ದನಿ ನಿದ್ದೆಗಣ್ಣಿನ ಜೇನುಹುಳದ ಹಾಗೆ ಏರಿಳಿಯುತ್ತಿತ್ತು. ಬುರುಲ್‌ಗೆ ತಾನು ನಿಂತಿರುವುದು ಕೈರೋದಲ್ಲೋ, ಓಟದ ಹುಡುಗರಿಗಾಗಿ ಕಾಯುವ ಊರ ಬಯಲಲ್ಲೋ ಎನ್ನುವುದು ಒಂದು ಗಳಿಗೆ ಗೊತ್ತಾಗಲಿಲ್ಲ.

"ಹೆದರಬೇಡ," ಉಮ್ ಶೌಕಿ ಪಿಸುಗುಟ್ಟಿದಳು, "ಶೌಕಿಗೆ ಹೇಳಿಟ್ಟಿದ್ದೀನಿ. ನಮಾಜು ಮುಗಿದ ತಕ್ಷಣ ಬಾಣದ ಹಾಗೆ ಬರ್ತಾನೆ."

ನಮಾಜು ಮುಗಿಯಿತು. ಒಳಗೆ ಗಲಗಲ ಶುರುವಾಯಿತು. ಶೌಕಿಯ ದನಿ ಕೇಳಿಸಿತು: "ನನ್ನ ಚಪ್ಪಲಿ ಎಲ್ಲಯ್ಯಾ? ಒಂದೇ ಇದೆ!"

ಹೊರಗೆ ಮೊದಲು ಬಂದದ್ದು ಒಂದು ಊರುಗೋಲು. ಅದರ ಹಿಂದೆ ಹಾಜಿ ಸುಬ್ಹಿ, ಒಂದು ಕಾಲದಲ್ಲಿ ಟ್ರಾಮ್ ಓಡಿಸುತ್ತಿದ್ದವರು. ಮಂಡಿ ಮಡಚಲಾಗದೆ ಬಾಗಿಲ ಪಕ್ಕ ಕುರ್ಚಿಯಲ್ಲೇ ನಮಾಜು ಮಾಡುವವರು, ಚಪ್ಪಲಿಯನ್ನು ಕುರ್ಚಿಯ ಕೆಳಗೇ ಇಟ್ಟುಕೊಳ್ಳುವವರು.

"ಇದೇನಿದು, ಯಾರೋ ಪಾರ್ಸೆಲ್ ಕಟ್ಟಿಟ್ಟು ಹೋಗಿದ್ದಾರೆ!"

ಉಮ್ ಶೌಕಿ ಮುಂದೆ ನುಗ್ಗಿದಳು. "ಹಾಜಿ, ಒಂಚೂರು ಸರೀರಿ, ಹಿಂದೆ ಶೌಕಿ ಬರ್ತಿದ್ದಾನೆ."

"ಯಾಕಮ್ಮ, ಮೊದಲು ಬಂದಿದ್ದು ನಾನು. ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲು ಬಂದೋನಲ್ಲ ನಾನು, ಇವತ್ತು ಬಂದಿದ್ದೀನಿ. ಬಿಡ್ತೀನಾ?"

ಗೋಡೆ ಹಿಡಿದು, ನರಳಿ, ಹುಡುಗನ ಪಕ್ಕ ಮೆಟ್ಟಿಲ ಮೇಲೆ ಕೂತರು. ಬುರುಲ್ ಚಾಕು ಮುಂದೆ ಮಾಡಿದಳು. ಅವರು ದಾರವನ್ನು ಬೆರಳಲ್ಲಿ ಸವರಿದರು. "ಕೈ ನಡುಗುತ್ತೆ ಮಗಳೇ, ಚಾಕು ಬೇಡ. ಒಳ್ಳೇ ಉಣ್ಣೆ, ಕೊಯ್ಯೋಕೆ ಮನಸ್ಸೂ ಬರಲ್ಲ." ಗಂಟು ಬಿಚ್ಚತೊಡಗಿದರು. ಜನ ಸುತ್ತಲೂ ಚಪ್ಪಲಿ ಮೆಟ್ಟಿ ಇಳಿದು ಹೋದರು. ಶೌಕಿ ಒಂಟಿಚಪ್ಪಲಿಯಲ್ಲಿ ಬಂದು ತಾಯಿಯ ಕಣ್ಣು ನೋಡಿ ಮರದ ಹಿಂದೆ ಸರಿದ. ಅವರು ಇನ್ನೂ ಬಿಚ್ಚುತ್ತಲೇ ಇದ್ದರು. ಎರ್ಮೆಕ್ ಖರ್ಜೂರ ಚೀಪುತ್ತ ಆ ಬೆರಳುಗಳನ್ನೇ ನೋಡುತ್ತಿದ್ದ.

ದಾರ ಬಿತ್ತು. ಹುಡುಗ ಎರಡೂ ಕೈ ಮೇಲೆತ್ತಿದ, ಮುದುಕನ ಕಡೆಗೇ.

"ನನ್ನನ್ನೇ ಎತ್ಕೊಳ್ಳೋರಿಲ್ಲ ಕಣಪ್ಪ, ನಿನ್ನ ಹೇಗೆ ಎತ್ಕೊಳ್ಳಲಿ? ಏಳು, ಇಬ್ಬರೂ ಏಳೋಣ." ಊರುಗೋಲನ್ನು ನೆಟ್ಟು ಹಾಜಿ ಮೇಲೇಳತೊಡಗಿದರು. ಕೋಲಿನ ಬುಡವನ್ನು ಎರ್ಮೆಕ್ ಹಿಡಿದ. ಹಿಡಿದು ಅದರ ಜೊತೆಗೇ ಎದ್ದ.

ಬುರುಲ್‌ಳ ಕೈಗಳು ತಾವೇ ಮುಂದೆ ಹೋದವು. ಅವನು ತಿರುಗಿ ಅವಳನ್ನು ನೋಡಿದ, ತುಟಿ ಅಳುವಿಗೆ ಸೊಟ್ಟಗಾಯಿತು. ಎತ್ತಿಕೊಳ್ಳಲು ಒಂದು ಮೊಳ ದೂರ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡಳು.

"ಬಾ" ಅಂದಳು, ತನ್ನೂರ ಮಾತಿನಲ್ಲಿ.

ಹಾಜಿ ಕೋಲು ಮುಂದಿಟ್ಟರು. ಓಟಗಾರನಾಗಿದ್ದರೆ ಅಷ್ಟೊತ್ತಿಗೆ ಬೀದಿ ದಾಟಿರುತ್ತಿದ್ದ. ಇವರು ಒಂದು ಹೆಜ್ಜೆ ಇಟ್ಟು ಉಸಿರು ತೆಗೆದುಕೊಂಡರು. ಆ ಉಸಿರಿನಷ್ಟು ಹೊತ್ತಿನಲ್ಲಿ ಎರ್ಮೆಕ್‌ನ ಎಡಗಾಲು ಒಂಚೂರು ಜಾರಿತು, ಆಮೇಲೆ ಬಲಗಾಲು. ಮತ್ತೆ ಕೋಲು. ಮತ್ತೆ ಕಾಲು. "ನನ್ನ ಟ್ರಾಮೂ ಹೀಗೇ ಹೋಗ್ತಿತ್ತು," ಹಾಜಿ ಅಂದರು, "ಆದ್ರೆ ಹೋಗಿ ಮುಟ್ತಿತ್ತು."

ಅಲ್ಲೊಂದು ಕಾರಿನ ಹತ್ತಿರ ಹುಡುಗ ಕುಸಿದು ಕೂತ. ಹಾಜಿ ಕೋಲು ಬಿಡಿಸಿಕೊಂಡು ತಮ್ಮ ದಾರಿ ಹಿಡಿದರು. ಎರ್ಮೆಕ್ ಅಳಲಿಲ್ಲ. ಮಣ್ಣಲ್ಲಿ ಅಂಬೆಗಾಲಿಟ್ಟು, ಕಾರಿನ ಚಕ್ರ ಹಿಡಿದು ಎದ್ದು, ಬೆಕ್ಕೊಂದನ್ನು ಕಂಡು ನಕ್ಕು, ಮತ್ತೆ ಬಿದ್ದು, ಕಟ್ಟಡದ ಬಾಗಿಲ ತನಕ ಹಾಗೇ ಬಂದ. ಬುರುಲ್ ಹಿಂದೆ ಹಿಂದೆ ನಡೆದಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೀಸಿದಳು, ಒಮ್ಮೆ ಹಿಂದೆ ಕಟ್ಟಿಕೊಂಡಳು. ರೊಟ್ಟಿಯಂಗಡಿಯವನು, "ಏನು ಉಮ್ ಎರ್ಮೆಕ್, ಇವತ್ತು ಉದ್ದ ಆಗಿದ್ದೀರಲ್ಲ!" ಅಂದ. ಭಾರ ಇಳಿದ ಸೊಂಟ ನೆಟ್ಟಗಾಗಿದ್ದು ಅವಳಿಗೂ ಆಗಲೇ ತಿಳಿಯಿತು.

ಮನೆಗೆ ಬಂದ ಕೂಡಲೇ ಮೇರಿಮ್ ಊರಜ್ಜಿಗೆ ಫೋನ್ ಹಚ್ಚಿದಳು. "ಎದ್ದ ಅಜ್ಜೀ! ಕಾಲಿಟ್ಟ! ಎಲ್ಲರಿಗಿಂತ ಮೊದಲು ಒಬ್ಬರು ತಾತ ಬಂದಿದ್ರು."

"ತಾತನಾ? ಆ ವಯಸ್ಸಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ರಾ? ಎಂಥ ಗಟ್ಟಿ ಕಾಲಿರಬೇಕು!"

ಉಮ್ ಶೌಕಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ತಾನೇ ಓಡಿ ಗೆದ್ದವಳ ಹಾಗೆ ಶಾಲಿನ ತುದಿಯಿಂದ ಗಾಳಿ ಬೀಸಿಕೊಂಡಳು. ಬುರುಲ್ ಒಳಗೆ ಹೋದಳು. ಹುಡುಗ ಟೈಲ್ಸಿನ ಮೇಲೆ ಅಂಗಾತ ಬಿದ್ದು ನಿದ್ದೆ ಹೋಗಿದ್ದ. ಅವನ ಪ್ಯಾಂಟು ಬಿಚ್ಚಿಕೊಂಡು ಬಚ್ಚಲಿಗೆ ನಡೆದಳು. ಮಂಡಿಯ ಜಾಗದಲ್ಲಿ ಬೀದಿಯ ಮಣ್ಣು, ಕಾರಿನ ಎಣ್ಣೆ, ಖರ್ಜೂರದ ಅಂಟು. ತೊಟ್ಟಿಯ ಅಂಚಿಗೆ ಹರಡಿ, ಸಾಬೂನು ಹಚ್ಚಿ, ಎರಡೂ ಕೈಯಲ್ಲಿ ತಿಕ್ಕಿದಳು. ಕಲೆ ಪೂರ್ತಿ ಹೋಗಲಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿ, ನಲ್ಲಿ ತಿರುಗಿಸಿ, ನೀರು ತುಂಬುವುದನ್ನು ನೋಡುತ್ತ ಕೂತಳು.