ನಮ್ಮ ಹೊಲದ ಮಣ್ಣು ಬೇಡಿದ ಅಕ್ಕೋರು

ಇವತ್ತು ಮಗಳ ಶಾಲೆಯಲ್ಲಿ ಮಣ್ಣು ತುಂಬಿಟ್ಟ ಗಾಜಿನ ಬಾಟಲಿಗಳನ್ನು ಕಂಡಾಗ ಯರಗುಪ್ಪಿಯ ಅಜ್ಜ ನೆನಪಾದ.

ನಾನು ಹೈಸ್ಕೂಲಿನಲ್ಲಿದ್ದಾಗ ಭೂಗೋಳದ ಅಕ್ಕೋರು ಅವರವರ ಹೊಲದ ಮಣ್ಣು ತರಲು ಹೇಳಿದ್ದರು.

"ಸಾಲಿಗೆ ನಮ್ಮ ಮಣ್ಣ ಯಾಕ ಬೇಕವಾ? ಹೊಲಾ ಕಸ್ಗೊಳ್ಳೂ ಆಟ ಇದು," ಎಂದು ಅಜ್ಜ ಕೊಡಲಿಲ್ಲ. ನಾನು ಹಳ್ಳದ ದಂಡೆಯ ಮಣ್ಣು ಒಯ್ದೆ.

ನಾನು ಕದ್ದು ಹೊಲದ ಮಣ್ಣನ್ನೇ ಕೊಟ್ಟೆನೆಂದುಕೊಂಡು ಅಜ್ಜ ಶಾಲೆಗೇ ಬಂದ. ನನ್ನ ಹೆಸರಿನ ಬಾಟಲಿಯ ಮಣ್ಣನ್ನು ಬೆರಳಲ್ಲಿ ತಿಕ್ಕಿದ.

"ಇದು ನಮ್ಮ ಹೊಲದ್ದಲ್ರಿ ಅಕ್ಕೋರ. ನಮ್ಮದನ್ನ ಎಲ್ಲಿ ಕಳಿಸೀರಿ?"

ನಾನು ಅಳುತ್ತ ನಿಜ ಹೇಳಿದಾಗ ಅಜ್ಜ ತಲೆ ತಗ್ಗಿಸಿದ.

ಮರುದಿನ ಅವನೇ ನಮ್ಮ ಹೊಲದ ಕಪ್ಪು ಎರೆಮಣ್ಣು ತಂದುಕೊಟ್ಟ. "ಹೆಸರ ನಮ್ಮದಿದ್ರ ಮಣ್ಣೂ ನಮ್ಮದ ಇರಬೇಕ್ರಿ," ಎಂದ. ಆದರೂ ವಾರಕ್ಕೊಮ್ಮೆ ಬಂದು ಬಾಟಲಿ ನೋಡಿ ಹೋಗುತ್ತಿದ್ದ.

ಈಗ ಆ ಹೊಲ ನನ್ನದು. ಮಣ್ಣು ಪರೀಕ್ಷೆಗೆಂದು ಯಾರು ಬಂದರೂ, ಯಾಕೆಂದು ನಾನೂ ಎರಡು ಸಲ ಕೇಳುತ್ತೇನೆ.