ಗುಂಡವ್ವನ ತವರುಮನೆ

ನಮ್ಮ ಮನೆಯ ಮಾಲಕಿ ನಜ್ಮುನ್ನೀಸಾ ತಾರಸಿಯಲ್ಲಿ ಗಿನಿ ಹಂದಿ ಸಾಕಿ ಮಾರುತ್ತಾರೆ ಎಂದು ಮನೆ ನೋಡಲು ಬಂದ ದಿನ ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಆರ್.ಟಿ. ನಗರದಲ್ಲಿ ಬೇರೆ ಮನೆ ಇರಲಿಲ್ಲವೇ? ಸಾಮಾನು ಇಳಿಸಿ, ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೇಲೆ ಹೋದಾಗ ಪಂಜರಗಳ ಒಳಗಿಂದ ನಲವತ್ತು ಜೊತೆ ಕಣ್ಣು ನನ್ನನ್ನೇ ನೋಡಿದವು. ಆರು ವರ್ಷವಾಯಿತು. ವಾಸನೆಗೆ ಮೂಗು ಒಗ್ಗಿದೆ, ಸಿಟ್ಟು ಮಾತ್ರ ಈಗಲೂ ಆಗಾಗ ಬರುತ್ತದೆ.

ಬೀದಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮನೆಯಲ್ಲಿ ಆ ಪ್ರಾಣಿಯ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ, ‘ಗಿನಿ’ ಅಷ್ಟೇ. “ಇದು ಇಲಿ ಜಾತಿ ಕಣಮ್ಮ ಸ್ಮಿತಾ. ಹಂದಿ ಅಂತ ಹೆಸರಿಟ್ಟೋನು ಯಾವನೋ ತಲೆ ಇಲ್ದೋನು,” ಎಂದು ಮೊದಲ ವಾರವೇ ನನ್ನನ್ನು ತಿದ್ದಿದರು. ಗಂಡ ತೀರಿಕೊಂಡ ಮೇಲೆ ಅವರ ಹಕ್ಕಿ ಅಂಗಡಿ ಮುಚ್ಚಿತು, ಗಿನಿಗಳು ಉಳಿದವು. ವಾರಕ್ಕೆರಡು ಸಲ ಆಪಾ ಯಶವಂತಪುರದ ಮಾರ್ಕೆಟ್ಟಿಗೆ ಹೋಗಿ ಚೀಲದ ತುಂಬ ಕೊತ್ತಂಬರಿ ದಂಟು, ಕ್ಯಾರೆಟ್ ಸೊಪ್ಪು ತರುತ್ತಾರೆ. ಮರಿಗಳು ಪ್ರಾಣಿ ಅಂಗಡಿಗಳಿಗೆ ಹೋಗುತ್ತವೆ.

ಅವರಿಗೆ ಹೆಸರು ಬಂದದ್ದು ಹೆಬ್ಬೆರಳಿನಿಂದ. ಗಿನಿ ಮರಿಯಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಎಂದು ನೋಡಿ ಹೇಳುವುದು ಕಷ್ಟ. ಅಂಗಡಿಯವರು ತಾವೂ ತಪ್ಪು ತಿಳಿದು, ಗಿರಾಕಿಗೂ ತಪ್ಪು ಹೇಳುತ್ತಾರೆ. ಆಪಾ ಮರಿಯನ್ನು ಅಂಗಾತ ಹಿಡಿದು ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಹೇಳುತ್ತಾರೆ. ಆಪಾ ಹೆಣ್ಣು ಎಂದರೆ ಹೆಣ್ಣು. ಆ ಮಾತಿನ ಮೇಲೆ ಇಪ್ಪತ್ತು ವರ್ಷ ವ್ಯಾಪಾರ ನಡೆದಿದೆ.

ಹೀಗೆ ಮರಿ ಮಾಡಿಸಿ ಮಾರುವುದು ಸರಿಯೇ ಎಂದು ಒಮ್ಮೆ ಕೇಳಿದೆ. “ಕೋಳಿ ತಿನ್ನೋರು ಇದನ್ನ ಕೇಳ್ಬಾರ್ದು,” ಎಂದರು. ನಾನು ಕೋಳಿ ತಿನ್ನುವವಳಲ್ಲ ಎಂದೆ. “ಹಾಲು ಕುಡೀತೀಯಲ್ಲ?” ಎಂದರು. “ಸುಳ್ಳು ಹೇಳಿ ಒಂದೂ ಮಾರಿಲ್ಲ, ಅಷ್ಟು ಸಾಕು,” ಎಂದು ತಾವೇ ಸೇರಿಸಿದರು.

ನಮ್ಮ ಕಾಲೇಜಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಕೀರ್ತಿ. ನಮ್ಮ ಕಡೆಯವಳೇ, ಹಾವೇರಿಯವಳು. ನನ್ನ ಮಾತು ಕೇಳಿ ಆಪಾ ಹತ್ತಿರ ಒಂದು ಹೆಣ್ಣು ಗಿನಿ ಕೊಂಡಳು. ನಾಲ್ಕೇ ದಿನಕ್ಕೆ ಅವಳ ಉತ್ಸಾಹ ಇಳಿಯಿತು, ಪಂಜರ ಅವಳ ತಾಯಿ ನಿಂಗವ್ವನ ಪಾಲಿಗೆ ಬಂತು. ಹುಣಸಮಾರನಹಳ್ಳಿಯ ಆ ಫ್ಲ್ಯಾಟಿನಲ್ಲಿ ನಿಂಗವ್ವ ಅದಕ್ಕೆ ಗುಂಡವ್ವ ಎಂದು ಹೆಸರಿಟ್ಟರು, ತಾವು ಊಟಕ್ಕೆ ಕೂತಾಗ ಅದಕ್ಕೂ ಸೌತೆಕಾಯಿ ಹೆಚ್ಚಿ ಹಾಕಿದರು. ಗುಂಡವ್ವ ಒಂದು ವರ್ಷ ರಾಣಿಯ ಹಾಗೆ ಬೆಳೆದಳು. ಫೆಬ್ರವರಿಯಲ್ಲಿ ನಿಂಗವ್ವನಿಗೆ, ಪಾಪ, ಒಂಟಿ ಇದೆಯಲ್ಲ ಅನ್ನಿಸಿತು. ಜೊತೆಗೊಂದು ಬೇಕು, ಆದರೆ ಹೆಣ್ಣೇ ಆಗಬೇಕು, ಹಡೆಯುವ ರಗಳೆ ಬೇಡ ಎಂದು ಹೇಳಿ ಕಳಿಸಿದರು.

ಆಪಾ ಒಂದು ಮರಿ ಎತ್ತಿ, ಒತ್ತಿ, ನೋಡಿ ಹೆಣ್ಣು ಎಂದರು. ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟವಳು ನಾನೇ. ಆಗ ಆಪಾ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಂಜಾನ್ ಮುಗಿಯಲಿ ಎಂದು ಆಪರೇಷನ್ ಮುಂದಕ್ಕೆ ಹಾಕಿದ್ದರು. ಚಹಾಕ್ಕೆ ಹಾಕಿದ್ದು ಸಕ್ಕರೆಯೋ ಉಪ್ಪೋ ಎಂದು ನನ್ನನ್ನು ಕೇಳುತ್ತಿದ್ದ ಕಾಲ ಅದು. ಮರಿಯ ವಿಷಯದಲ್ಲಿ ಮಾತ್ರ ಅವರು ಯಾರನ್ನೂ ಕೇಳಲಿಲ್ಲ, ನನಗೂ ಕೇಳಬೇಕು ಅನ್ನಿಸಲಿಲ್ಲ.

ಜೂನ್‌ನ ಒಂದು ಭಾನುವಾರ ಬೆಳಿಗ್ಗೆ ನಿಂಗವ್ವ ನನಗೆ ಫೋನ್ ಮಾಡಿದರು. “ನಮ್ಮ ಗುಂಡವ್ವ ಬಸುರಿ ಅದಾಳವಾ! ನೀ ತಂದ ಮರಿಗಿ ತಂಗೆವ್ವ ಅಂತ ಹೆಸರಿಟ್ಟಿದ್ವಿ, ಅದು ಗಂಡ ಆತು!” ಎಂದು ಬಿದ್ದು ಬಿದ್ದು ನಕ್ಕರು. “ಇವತ್ತ ಸಂಜಿಕ ಕುಬಸ ಮಾಡಾಕ್ಹತ್ತೇವಿ. ಬಾಜೂ ಮನಿಯವ್ರೆಲ್ಲ ಬರ್ತಾರ. ತವರಮನಿಯವ್ರು ಇಲ್ದ ಕುಬಸ ಹೆಂಗ? ಆಪಾನ್ನ ಕರಕೊಂಡ ಬಾ.” ಕುಬಸವೆಂದರೆ ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತ. ಹಸಿರು ರವಿಕೆ, ಹಸಿರು ಬಳೆ ತವರಿನಿಂದ ಬರಬೇಕು, ಆ ರವಿಕೆಗೂ ಕುಬಸವೆಂದೇ ಹೆಸರು. ಹಿಂದೆಯೇ ಒಂದು ವಿಡಿಯೋ ಕಳಿಸಿದರು.

ನಾನು ನಗುತ್ತಲೇ ತಾರಸಿಗೆ ಹೋಗಿ ಆಪಾಗೆ ತೋರಿಸಿದೆ. ಅಷ್ಟರಲ್ಲಿ ಅವರ ಕಣ್ಣಿನ ಆಪರೇಷನ್ ಆಗಿತ್ತು. ಸುಲಿದ ತೆಂಗಿನಕಾಯಿಯ ಗಾತ್ರದ ಗುಂಡವ್ವ, ಅವಳ ಸುತ್ತ ಸೊಂಟ ತಿರುಗಿಸುತ್ತ ಗುರ್ ಗುರ್ ಎನ್ನುವ ತಂಗೆವ್ವ. ಆಪಾ ನಗಲಿಲ್ಲ.

“ಗುಂಡವ್ವಂಗೆ ವಯಸ್ಸೆಷ್ಟಾಯ್ತು ಈಗ?”

“ಒಂದೂವರೆ ವರ್ಷ.”

ಆಪಾ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. ಗಿನಿಗೆ ಚೊಚ್ಚಲು ಆರೇಳು ತಿಂಗಳೊಳಗೆ ಆಗಬೇಕು, ಇಲ್ಲವಾದರೆ ಸೊಂಟದ ಮೂಳೆ ಕೂಡಿಕೊಂಡುಬಿಡುತ್ತದೆ, ಆಮೇಲೆ ಮರಿಗೆ ದಾರಿ ಇರುವುದಿಲ್ಲ ಎಂದು ನಿಧಾನವಾಗಿ ಹೇಳಿದರು. “ಹೆರೋಕಾಗಲ್ಲ ಅದಕ್ಕೆ. ಸತ್ತೋಗುತ್ತೆ. ನಾನು ಗಂಡು ಕೊಟ್ಟುಬಿಟ್ಟೆ.”

ಆಗ ನಾನು ಆಡಿದ ಮಾತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆರಿಗೆಯಲ್ಲಿ ಸತ್ತರೆ ಸತ್ತಿತು ಎಂದುಕೊಳ್ಳುತ್ತಾರೆ, ನಾವು ಬಾಯಿ ಬಿಡದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದೆ. ಕೀರ್ತಿಯ ಮುಂದೆ ನನ್ನ ಮುಖವೂ ಉಳಿಯಬೇಕಿತ್ತಲ್ಲ. ಆಪಾ ಬೈಯಲಿಲ್ಲ. “ಬುಟ್ಟಿ ತಗೋ,” ಎಂದರು.

ಹೆಬ್ಬಾಳದಲ್ಲಿ ಬಸ್ ಹಿಡಿದೆವು. ಫ್ಲ್ಯಾಟಿನಲ್ಲಿ ನಾಲ್ಕೈದು ಹೆಂಗಸರು ಸೇರಿದ್ದರು. ಹೋಳಿಗೆ, ಕರ್ಜಿಕಾಯಿ, ಏಳು ನಮೂನೆ ಅನ್ನ. ಗುಂಡವ್ವನನ್ನು ಹಸಿರು ಬಟ್ಟೆಯ ಮೇಲೆ ಕೂರಿಸಿ ಸುತ್ತ ಬಳೆ ಇಟ್ಟಿದ್ದರು, ಅದು ಬಳೆಯನ್ನು ಮೂಸಿ ತಿನ್ನುವ ವಸ್ತುವಲ್ಲವೆಂದು ಬಿಟ್ಟಿತ್ತು. “ಬರ್ರಿ ಬರ್ರಿ, ತವರಮನಿಯವ್ರು ಬಂದ್ರು! ಕುಬಸ ತಂದೀರಿಲ್ಲೋ?” ಎಂದು ನಿಂಗವ್ವ ಎದ್ದು ಬಂದರು.

ಆಪಾ ಕೂರಲಿಲ್ಲ. ಅಷ್ಟೂ ಜನರ ಎದುರಿಗೇ ಹೇಳಿದರು. “ನಿಂಗವ್ವ, ತಪ್ಪು ನಂದು. ಕಣ್ಣು ಕಾಣ್ತಿರ್ಲಿಲ್ಲ, ಕಾಣಲ್ಲ ಅಂತ ಹೇಳೋಕೆ ಸೊಕ್ಕು. ಇದು ಹೆರೋಕಾಗಲ್ಲ. ಡಾಕ್ಟರ್ ಹತ್ರ ಹೋಗ್ಬೇಕು, ಈಗ್ಲೇ.” ಒಬ್ಬ ಹೆಂಗಸು ತಮಾಷೆ ಎಂದುಕೊಂಡು ನಕ್ಕಳು, ನಿಂಗವ್ವ ಮಾತ್ರ ಗುಂಡವ್ವನನ್ನು ಎತ್ತಿ ನಮ್ಮ ಬುಟ್ಟಿಯಲ್ಲಿಟ್ಟರು.

ಯಲಹಂಕದ ಡಾಕ್ಟರಮ್ಮ ಎಕ್ಸ್‌ರೇ ತೆಗೆದು ಅದನ್ನೇ ಹೇಳಿದರು. ಮೂಳೆ ಕೂಡಿದೆ, ಮರಿ ಬಲಿತಿವೆ, ಹೊಟ್ಟೆ ಕೊಯ್ಯುವುದೊಂದೇ ದಾರಿ, ಇಷ್ಟು ಸಣ್ಣ ಜೀವ ಅರಿವಳಿಕೆ ತಾಳುವುದು ಕಷ್ಟ. ನಿಂಗವ್ವ ಹೂಂ ಎಂದರು. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಎರಡು ಮರಿ ಬದುಕಿದ್ದವು. ಗುಂಡವ್ವ ಏಳಲಿಲ್ಲ.

ಬೆಂಚಿನ ಮೇಲೆ ನಾವು ಮೂವರೂ ಕೂತೆವು. ನನಗೆ ಆ ಪ್ರಾಣಿಗಾಗಿ ಅಳು ಬಂತು, ನನಗೇ ಆಶ್ಚರ್ಯ. ನಿಂಗವ್ವ ಕೇಳಿದರು, ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲು.

“ನಿಮ್ಮ ಮನ್ಯಾಗ ಇಷ್ಟ ಹಡೀತಾವು. ಅವು ಯಾಕ ಹಿಂಗ ಸಾಯಂಗಿಲ್ರಿ?”

“ನಾವು ಮೂಳೆ ಕೂಡೋಕೆ ಬಿಡಲ್ಲ. ನಾಲ್ಕು ತಿಂಗಳಿಗೇ ಗಂಡು ಬಿಡ್ತೀವಿ. ಹೆತ್ತ ಮೇಲೆ ಮತ್ತೆ.”

“ಮತ್ತ ಅವು ಸುಧಾರಿಸ್ಕೊಳ್ಳೂದು ಯಾವಾಗ?”

“ಸುಧಾರಿಸ್ಕೊಳ್ಳೋಕೆ ಬಿಟ್ರೇನೇ ತೊಂದ್ರೆ,” ಎಂದರು ಆಪಾ. ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿದ ಮಾತು.

ನಿಂಗವ್ವ ತಲೆಯಾಡಿಸಿದರು. “ನನಗ ಹದಿನೈದಕ್ಕ ಚೊಚ್ಚಲ, ಇಪ್ಪತ್ನಾಕಕ್ಕ ಆರನೇದು. ನಮ್ಮತ್ತಿನೂ ಇದ ಮಾತ ಹೇಳ್ತಿದ್ಲು, ತಡಾ ಮಾಡಿದ್ರ ತ್ರಾಸ ಅಂತ.” ಆಮೇಲೆ ಮರಿಗಳಿಗೆ ಯಾವ ಹಾಲು ಕುಡಿಸಬೇಕೆಂದು ಡಾಕ್ಟರಮ್ಮನನ್ನು ಕೇಳಲು ಎದ್ದು ಹೋದರು. ಆಪಾ ಬೆಂಚಿನ ಮೇಲೆಯೇ ಕೂತಿದ್ದರು.

ಎರಡೂ ಹೆಣ್ಣು ಮರಿ ಎಂದು ಡಾಕ್ಟರಮ್ಮನೇ ನೋಡಿ ಹೇಳಿದರು, ಅವನ್ನು ನಿಂಗವ್ವ ಇಟ್ಟುಕೊಂಡರು. ತಂಗೆವ್ವನನ್ನು ನಾವು ವಾಪಸ್ ತಂದೆವು. ಮರುದಿನ ಆಪಾ ಗಂಡುಗಳನ್ನೆಲ್ಲ ತಾರಸಿಯ ಇನ್ನೊಂದು ತುದಿಗೆ ಹಾಕಿ ನಡುವೆ ತಗಡು ಹೊಡೆಸಿ ಅದಕ್ಕೊಂದು ಸಣ್ಣ ಕದ ಇಡಿಸಿದರು. ಹೆತ್ತು ಹೆತ್ತು ಸವೆದ ಹಳೆಯ ಹೆಣ್ಣುಗಳಿಗೆ ಇನ್ನು ಸಾಕು ಎಂದರು. ಇನ್ನೂ ಗಂಡು ಕಾಣದ ಎಳೆಯವು ಹನ್ನೊಂದು ಇದ್ದವು. ವ್ಯಾಪಾರ ನಡೆಯಬೇಕಿದ್ದರೆ ಅವುಗಳಿಂದಲೇ ನಡೆಯಬೇಕಿತ್ತು. ಯಾರಿಗಾದರೂ ಕೊಟ್ಟುಬಿಡಿ ಎಂದೆ. “ಕೊಟ್ರೆ ಅವರು ಮರಿ ಮಾಡಿಸ್ತಾರೆ,” ಎಂದರು.

ಅವರು ಅಲ್ಲಿಗೆ ಸಂತರಾದರು ಎಂದು ನಾನು ಹೇಳಲಾರೆ. ಹತ್ತು ವರ್ಷದಿಂದ ಮರಿ ಕೊಳ್ಳುತ್ತಿದ್ದ ಅಂಗಡಿಯ ಸರ್ಫರಾಜ್ ಫೋನ್ ಮಾಡಿದಾಗಲೆಲ್ಲ “ನೋಡೋಣ” ಎನ್ನುತ್ತಿದ್ದರು. ಫೋನ್ ಇಟ್ಟು ತಾರಸಿಗೆ ಹೋಗಿ ತಗಡಿನ ಮುಂದೆ ನಿಲ್ಲುತ್ತಿದ್ದರು. ಎರಡು ಸಲ ಕದ ತೆಗೆದು ಮುಚ್ಚಿದ್ದನ್ನು ನಾನೇ ನೋಡಿದ್ದೇನೆ. “ಇನ್ನು ಎರಡು ತಿಂಗಳು ಹೆಂಗಾದ್ರೂ ಕಳೀಲಿ,” ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡರು.

ಡಿಸೆಂಬರಿನಲ್ಲಿ ಸರ್ಫರಾಜ್ ಮತ್ತೆ ಫೋನ್ ಮಾಡಿದ. ಆಪಾ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ ಮಾತಾಡಿದರು. “ಆಗಲ್ಲ ಸರ್ಫರಾಜ್. ಹನ್ನೊಂದಕ್ಕೂ ಮೂಳೆ ಕೂಡಿರುತ್ತೆ ಈಗ. ಗಂಡು ಬಿಟ್ರೆ ಸಾಯ್ತವೆ. ಇನ್ನು ನನಗೇ ಬೇಕು ಅಂದ್ರೂ ಆಗಲ್ಲ.” ಫೋನ್ ಕೆಳಗಿಟ್ಟು, ನನ್ನನ್ನು ನೋಡಿ ನಕ್ಕರು.