ದಡದ ಮೇಲಿನ ಕೆಲಸ

ಕಪಾಟಿನ ಕೆಳಗಿನ ಅರೆಯಿಂದ ನೀಲಿ ಫೈಲನ್ನು ಎಳೆದ ಕೂಡಲೇ ಒಣಸೆಟ್ಲಿಯ ವಾಸನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಹರವಿ ಒಣಗಿಸಿದ ಸಣ್ಣ ಸಿಗಡಿಯ ಆ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ ಎಂದು ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಕಾಗದಕ್ಕೆ ಹತ್ತಿದರೆ ವರ್ಷಗಟ್ಟಲೆ ಉಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಈ ಮಳೆಗಾಲದಲ್ಲಿ. ನಾನು ಮ್ಯಾನೇಜರ್ ಆಗಿದ್ದ ಫೈನಾನ್ಸ್ ಕಂಪನಿಯ ಕುಮಟಾ ಶಾಖೆಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿದೆ. ಕಪಾಟು ಜೋಡಿಸುವುದು, ಜೋಡಿಸಿದ್ದನ್ನು ಮತ್ತೆ ತೆಗೆಯುವುದು ಬಿಟ್ಟರೆ ಸದ್ಯಕ್ಕೆ ನನಗೆ ಬೇರೆ ಕೆಲಸವಿಲ್ಲ.

ಫೈಲು ನನ್ನದಲ್ಲ. ನಮ್ಮ ಸಿ.ಆರ್.ನದು.

ಘಟ್ಟದ ಮೇಲಿನ ಒಂದು ಕಾಲೇಜಿನಲ್ಲಿ ನಾವು ಎಂ.ಬಿ.ಎ. ಓದಿದ್ದು. ನಲವತ್ತು ಚಿಲ್ಲರೆ ಮಂದಿಯಲ್ಲಿ ಕರಾವಳಿಯಿಂದ ಹೋದವರು ಮೂವರೇ. ಕುಮಟೆಯ ನಾನು, ಭಟ್ಕಳದ ಬಟ್ಟೆ ವ್ಯಾಪಾರಿಯ ಮಗನೊಬ್ಬ, ಹೊನ್ನಾವರದ ಮಾವಿನಕುರ್ವೆಯಿಂದ ಬಂದ ಇವನು. ಮೀನುಗಾರರ ಮನೆಯವನು. ಅವರ ಮನೆಯಲ್ಲಿ ಪಿ.ಯು.ಸಿ. ದಾಟಿದವರಲ್ಲಿ ಇವನೇ ಮೊದಲಿಗ. ಅಕ್ಷರ ಮುತ್ತಿನಂತಿತ್ತು, ಯಾರು ಏನು ಹೇಳಿದರೂ ಇಲ್ಲ ಎನ್ನಲು ಬಾರದು. ಇಂಥವನನ್ನು ಬಿಟ್ಟು ಕ್ಲಾಸಿಗೆ ಬೇರೆ ಪ್ರತಿನಿಧಿ ಏಕೆ ಬೇಕು? ಮೊದಲ ವಾರವೇ ಅವನನ್ನು ಸಿ.ಆರ್. ಮಾಡಿದೆವು. ಆಮೇಲೆ ಅವನ ಹೆಸರನ್ನೇ ಮರೆತೆವು. ಊರಿಗೆ ಉಪಕಾರಿ ಎಂದು ನಾನೂ ಭಟ್ಕಳದವನೂ ಛೇಡಿಸುತ್ತಿದ್ದೆವು. ಅವನು ನಗುತ್ತಿದ್ದ, ಮತ್ತೆ ಹೋಗಿ ಯಾರದೋ ಅಸೈನ್‌ಮೆಂಟು ಬರೆಯುತ್ತಿದ್ದ. ರಜೆ ಮುಗಿಸಿ ಬರುವಾಗ ಅವನ ತಾಯಿ ಬಾಟಲಿಯಲ್ಲಿ ಒಣಸೆಟ್ಲಿ ಚಟ್ನಿ ಕೊಟ್ಟು ಕಳಿಸುತ್ತಿದ್ದಳು. ಅದರ ವಾಸನೆಗೆ ಹಾಸ್ಟೆಲ್ಲಿನ ಅರ್ಧ ಮಂದಿ ಮೂಗು ಮುಚ್ಚಿಕೊಂಡು ಓಡುತ್ತಿದ್ದರು, ಇನ್ನರ್ಧ ಮಂದಿ ತಟ್ಟೆ ಹಿಡಿದುಕೊಂಡು ಬರುತ್ತಿದ್ದರು.

ಕೊನೆಯ ದಿನ ಅವನು ಉದ್ದದ ಹಾಳೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದ. ಹೆಸರು, ಅದರ ಮುಂದೆ ನಾಲ್ಕು ಕಾಲಂ. ಹುದ್ದೆ, ಕಂಪನಿ, ಮದುವೆ, ಮಕ್ಕಳು. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಸುದ್ದಿ ಕಳಿಸಬೇಕು, ತಾನು ಅದನ್ನೆಲ್ಲ ಒಂದೇ ಹಾಳೆಗೆ ಇಳಿಸಿ ಎಲ್ಲರಿಗೂ ಮುಟ್ಟಿಸುತ್ತೇನೆ ಎಂದ. ಜೊತೆಗೆ ಒಂದು ನಿಯಮವನ್ನೂ ಹಾಕಿದ. ಪಟ್ಟಿ ಮಾಡುವವನು ತನ್ನ ಸಾಲನ್ನು ತಾನೇ ಬರೆಯಬಾರದು, ಬೇರೆಯವರು ಬರೆಯಬೇಕು.

"ನನ್ ಪೇಪರ್ ನಾನೇ ತಿದ್ದೂಕೆ ಆಗ್ತದಾ? ನಂದು ನೀ ಬರಿ," ಎಂದು ನನಗೆ ಹೇಳಿದ.

ಹಾಗೆ ಅವನ ಸಾಲು ನನ್ನ ಪಾಲಿಗೆ ಬಂತು. ಈ ಮಾತು ಮುಂದೆ ಇಷ್ಟು ಭಾರವಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು...

ಮೊದಲ ಕೆಲವು ವರ್ಷ ಪಟ್ಟಿ ಝೆರಾಕ್ಸ್ ಆಗಿ ಅಂಚೆಯಲ್ಲಿ ಬರುತ್ತಿತ್ತು. ಆಮೇಲೆ ಇ-ಮೇಲ್, ಆಮೇಲೆ ವಾಟ್ಸಾಪು. ಟ್ರೇನಿ ಇದ್ದವರು ಮ್ಯಾನೇಜರ್ ಆದರು, ಒಂದು ಮಗು ಇದ್ದಲ್ಲಿ ಎರಡಾದವು, ಕಂಪನಿಗಳು ಬದಲಾದವು. ಕೆಲಸ ಹೋಯಿತೆಂದು, ಮನೆ ಮುರಿಯಿತೆಂದು ಅಷ್ಟು ವರ್ಷದಲ್ಲಿ ಒಬ್ಬನೂ ಬರೆದದ್ದಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಮ್ಮ ಪಟ್ಟಿಯಲ್ಲಿದ್ದವೆಲ್ಲ ಅಂಥ ಬೆಟ್ಟಗಳೇ. ನಾನೂ ಒಂದು ವರ್ಷ ಸಂಬಳ ಕಡಿಮೆಯಾಗಿ ಕುಮಟೆಗೆ ವರ್ಗವಾದದ್ದನ್ನು 'ಸ್ವಂತ ಊರಿನಲ್ಲಿ ಶಾಖೆಯ ಸಂಪೂರ್ಣ ಹೊಣೆ' ಎಂದು ಕಳಿಸಿದ್ದೆ.

ಸಿ.ಆರ್. ಮೊದಲು ಒಂದು ಸಾಬೂನು ಕಂಪನಿಯಲ್ಲಿ ಸೇಲ್ಸ್ ಕೆಲಸ ಹಿಡಿದಿದ್ದ. ಅಲ್ಲಿಯ ಡಿಪೋ ಮುಚ್ಚಿತು. ಇನ್ನೊಂದು ಕಡೆ ಸೇರಿದ, ಅದೂ ನಡೆಯಲಿಲ್ಲ. ಅಷ್ಟರಲ್ಲಿ ತಂದೆ ಹಾಸಿಗೆ ಹಿಡಿದರು. ಇವನು ಊರಿಗೆ ಬಂದು, ನೆಂಟರ ಬೋಟಿನಲ್ಲಿ ಕೂಲಿಗೆ ಹೋಗತೊಡಗಿದ. ತಾತ್ಕಾಲಿಕ ಎಂದುಕೊಂಡೇ ಹೋದ. ಆ ವರ್ಷ ಅವನ ಸಾಲಿನಲ್ಲಿ ಏನು ಬರೆಯುವುದೆಂದು ಫೋನು ಮಾಡಿ ಕೇಳಿದೆ.

"ಇದ್ದದ್ದೇ ಬರಿ. ಬೋಟಿಗೆ ಹೋಗ್ತೆ ನಾನು," ಎಂದ.

ನನಗೆ ಮನಸ್ಸು ಬರಲಿಲ್ಲ. ನಲವತ್ತು ಮಂದಿಯ ನಡುವೆ ಅವನ ಮರ್ಯಾದೆ ಹೋಗಬಾರದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಪಕ್ಕದ ಬೆಂಚಿನವನು, ನನ್ನ ಊರ ಕಡೆಯವನು ಹೀಗಾದ ಎಂಬುದು ನನಗೇ ಅವಮಾನವಾಗಿತ್ತು. ಹುದ್ದೆಯ ಕಾಲಂನಲ್ಲಿ 'ಸಮುದ್ರೋತ್ಪನ್ನ ವಹಿವಾಟು' ಎಂದು ಬರೆದೆ. ಬರೆದು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ಅವನು ಅದನ್ನು ಓದಿ, ತನ್ನ ಮುತ್ತಿನಂಥ ಅಕ್ಷರದಲ್ಲಿ ಹಾಗೆಯೇ ಇಳಿಸಿದ. ಭಟ್ಕಳದವನಂತೂ ಅಂದಿನಿಂದ ಅವನನ್ನು 'ಎಕ್ಸ್‌ಪೋರ್ಟ್ ಸೇಠ್' ಎಂದೇ ಕರೆಯತೊಡಗಿದ. ಮುಂದಿನ ವರ್ಷ ಅದೇ ಸಾಲು, ಅದರ ಮುಂದಿನ ವರ್ಷವೂ ಅದೇ. ಪಟ್ಟಿ ಪ್ರತಿವರ್ಷ ಜೂನ್-ಜುಲೈಯಲ್ಲೇ ಏಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಮಳೆಗಾಲದ ಆ ಎರಡು ತಿಂಗಳು ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡದಲ್ಲಿ. ಅವನಿಗೆ ಕೂತು ಬರೆಯಲು ಪುರುಸೊತ್ತಿದ್ದದ್ದು ಆಗ ಮಾತ್ರ. ಕರಾವಳಿಯವನಾದ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ, ಅವನು ಈ ನೀಲಿ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕುಮಟೆಗೆ ಬಂದ. ಮನೆಗೆ ಬಾ ಎಂದರೆ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವಲಕ್ಕಿ ತರಿಸಿದೆ, ಅವನು ಮುಟ್ಟಲಿಲ್ಲ. ಬಿಸಿಲಿಗೆ ಸುಟ್ಟ ಮುಖ, ಬಲೆಯ ಹಗ್ಗ ಎಳೆದು ಎಳೆದು ಬೆರಳು ಪೂರ್ತಿ ಮಡಚಲಾಗದ ಕೈ. ಅದೇ ಕೈಯಲ್ಲಿ ಫೈಲಿನಿಂದ ಆ ವರ್ಷದ ಹಾಳೆಯನ್ನು ಜೋಪಾನವಾಗಿ ತೆಗೆದ. ನಾಲ್ಕು ಕಾಲಂನ ಪಕ್ಕದಲ್ಲಿ ಐದನೆಯದೊಂದನ್ನು ಹೊಸದಾಗಿ ಎಳೆದಿದ್ದ. ತಲೆಯಲ್ಲಿ 'ಬೇಕಾದದ್ದು' ಎಂದು ಬರೆದಿದ್ದ.

"ಎಂತ ಇದು?" ಎಂದೆ.

"ಯಾರಿಗೆ ಎಂತ ಬೇಕು ಹೇಳಿ ಒಂದು ಕಾಲಂ ಇರ್ಲಿ ಮಾರಾಯ. ಇಷ್ಟ್ ವರ್ಷ ಇದ್ದದ್ದೇ ಬರ್ದಾಯ್ತು."

ಆಮೇಲೆ ನಿಧಾನಕ್ಕೆ ವಿಷಯ ಹೇಳಿದ. ಒಂದು ವರ್ಷದಿಂದ ಅವನಿಗೆ ತಲೆ ತಿರುಗುತ್ತಿತ್ತು. ಕಿವಿಯೊಳಗಿನ ತೊಂದರೆ, ಬೋಟಿನ ಮೇಲೆ ನಿಲ್ಲಬೇಡ ಎಂದು ಡಾಕ್ಟರು ಹೇಳಿದ್ದರು. ಎರಡು ಸಲ ಬೀಳುವುದರಲ್ಲಿದ್ದ, ಜೊತೆಯವರು ಹಿಡಿದಿದ್ದರು. ಆಗಸ್ಟಿನಲ್ಲಿ ಬೋಟು ಶುರುವಾಗುವುದರೊಳಗೆ ಬೇರೆ ಏನಾದರೂ ಸಿಗಬೇಕಿತ್ತು.

"ದಡದ ಮೇಲೆ ಒಂದು ಕೆಲ್ಸ. ಗೋಡೌನ್ ಆದ್ರೂ ಅಡ್ಡಿಲ್ಲ, ಅಂಗಡಿ ಆದ್ರೂ ಅಡ್ಡಿಲ್ಲ. ನನ್ ಸಾಲಲ್ಲಿ ಅದನ್ನ ನೀ ಬರಿ. ನಾನೇ ಬರ್ಯೂಕೆ ಆಗೂದಿಲ್ಲ."

ನಿಯಮದ ಪ್ರಕಾರ ಅವನು ಬರೆಯುವಂತಿರಲಿಲ್ಲ. ಆದರೆ ಆ ದಿನ ಅವನು ಹೇಳಿದ್ದು ನಿಯಮದ ಮಾತಲ್ಲ ಎಂದು ನನಗೆ ಅರ್ಥವಾಗಿತ್ತು. ನನ್ನ ಜೇಬಿನಲ್ಲಿ ಪೆನ್ನಿತ್ತು. ಬರೆಯಬೇಕಾದದ್ದು ನಾಲ್ಕು ಶಬ್ದ.

"ಗುಂಪಲ್ಲಿ ಹಾಂಗೆಲ್ಲ ಹಾಕಿದ್ರೆ ಚಂದ ಕಾಣೂದಿಲ್ಲ," ಎಂದೆ. "ಇಷ್ಟ್ ವರ್ಷ ವಹಿವಾಟು ಹೇಳಿ ಬರ್ದು, ಈಗ ಒಮ್ಮೆಲೇ ಹೀಂಗೆ ಬರ್ಯೂದು ಹೇಗೆ? ನಾ ಒಬ್ಬೊಬ್ರನ್ನೇ ಖಾಸಗಿಯಾಗಿ ಕೇಳ್ತೆ."

ಅವನು ಹಾಳೆಯನ್ನು ಮತ್ತೆ ಫೈಲಿನೊಳಗಿಟ್ಟ.

"ಆತು," ಎಂದ.

ನಾನು ಯಾರನ್ನೂ ಕೇಳಲಿಲ್ಲ. ನಮ್ಮ ಆಫೀಸಿನಲ್ಲಿ ಒಮ್ಮೆ ಬಾಯಿಬಿಟ್ಟೆ, ವಯಸ್ಸು ಮೀರಿದೆ ಎಂದರು, ಅಲ್ಲಿಗೆ ಬಿಟ್ಟೆ. ಭಟ್ಕಳದವನಿಗೆ ಫೋನು ಮಾಡಬೇಕೆಂದು ಎರಡು ಮೂರು ಬಾರಿ ಅಂದುಕೊಂಡದ್ದುಂಟು. ಮಾಡಿದರೆ 'ವಹಿವಾಟು' ಎಂಬ ನನ್ನ ಶಬ್ದದ ಬಣ್ಣ ಬಯಲಾಗುತ್ತಿತ್ತು. ಇವತ್ತು ನಾಳೆ ಎನ್ನುವಷ್ಟರಲ್ಲಿ ಜುಲೈ ಮುಗಿಯಿತು. ಪಟ್ಟಿ ಎಂದಿನಂತೆ ನಾಲ್ಕೇ ಕಾಲಂನಲ್ಲಿ ಗುಂಪಿಗೆ ಬಂತು. ಅವನ ಸಾಲಿನಲ್ಲಿ 'ಸಮುದ್ರೋತ್ಪನ್ನ ವಹಿವಾಟು' ಎಂದಿತ್ತು. ಯಾರೋ ಅದಕ್ಕೊಂದು ಹೆಬ್ಬೆರಳಿನ ಚಿತ್ರವನ್ನೂ ಒತ್ತಿದ್ದರು.

ಬೋಟು ಶುರುವಾಗಿ ಮೂರು ವಾರವಾಗಿತ್ತು. ಅಳಿವೆಯ ಹತ್ತಿರ, ನದಿ ಸಮುದ್ರ ಸೇರುವ ಆ ಅಲೆಯ ಜಾಗದಲ್ಲಿ, ಅವನು ಬೋಟಿನಿಂದ ಬಿದ್ದ. ಈಜು ಬಾರದವನಲ್ಲ. ನಡೆಯುವುದಕ್ಕಿಂತ ಮೊದಲು ಈಜು ಕಲಿತವನು. ಮರುದಿನ ಸಿಕ್ಕಿದ... ಪತ್ರಿಕೆಯ ಒಳಪುಟದಲ್ಲಿ 'ಆಯತಪ್ಪಿ ಬಿದ್ದು ಮೀನುಗಾರ ಸಾವು' ಎಂದು ನಾಲ್ಕು ಸಾಲು ಬಂದಿತ್ತು. ನಮ್ಮ ಗುಂಪಿನಲ್ಲಿ ಅದನ್ನು ಓದಿದವರಿದ್ದರೂ ನಮ್ಮ ಸಿ.ಆರ್. ಎಂದು ಗುರುತಿಸುವ ಹಾಗಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಮೀನುಗಾರ ಎಂಬುವವನು ಯಾರೂ ಇರಲಿಲ್ಲವಲ್ಲ. ಕೊನೆಗೆ ನಾನೇ ತಿಳಿಸಿದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬ, ವಹಿವಾಟನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದ.

ಭಟ್ಕಳದವನು ಕಾರು ತಂದ. ಅವನ ಜೊತೆಯಲ್ಲೇ ಮಾವಿನಕುರ್ವೆಗೆ ಹೋದೆ. ಸಿಮೆಂಟು ಕಿತ್ತ ಜಗುಲಿ, ಮೂಲೆಯಲ್ಲಿ ಬಲೆಯ ರಾಶಿ, ಮಾಡಿಗೆ ಕಟ್ಟಿದ ನೀಲಿ ತಾಡಪಾಲು. ಭಟ್ಕಳದವನು ಒಮ್ಮೆ ಮನೆಯನ್ನು, ಒಮ್ಮೆ ನನ್ನನ್ನು ನೋಡಿದ. ಸಿ.ಆರ್.ನ ಹೆಂಡತಿ ಒಳಗಿನಿಂದ ಈ ಫೈಲನ್ನು ತಂದು ನನ್ನ ಕೈಗೆ ಕೊಟ್ಟಳು. ಒಣಸೆಟ್ಲಿ ಇಡುವ ಡಬ್ಬಿಗಳ ಮೇಲಿನ ಹಲಗೆಯಲ್ಲಿ ಅದರ ಜಾಗವಂತೆ.

"ಇದ್ನ ಯಾರೂ ಮುಟ್ಟೂಕೆ ಬಿಡ್ತಿರಲಿಲ್ಲ ಅಣ್ಣ. ನೀವೇ ಇಟ್ಕಣಿ," ಎಂದಳು. "ಈ ಸಲ ಕುಮಟೆಯವ್ರು ಎಂತದೋ ನೋಡ್ತಾರೆ ಹೇಳಿ ಹೇಳ್ತಿದ್ರು. ಬೋಟಿಗೆ ಹೋಪ ದಿನಾನೂ ಫೋನ್ ನೋಡ್ತೇ ಇದ್ರು."

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ವಾಪಸು ಬರುವಾಗ ಶರಾವತಿಯ ಸೇತುವೆ ದಾಟಿದೆವು. ಭಟ್ಕಳದವನು ಕಾರನ್ನು ಬದಿಗೆ ನಿಲ್ಲಿಸಿದ.

"ನನ್ ಗೋಡೌನಿಗೆ ಒಬ್ಬ ನಂಬಿಕೆ ಮನುಷ್ಯ ಬೇಕಂತ ಎರಡು ವರ್ಷದಿಂದ ಹುಡುಕ್ತಾ ಇದ್ದೆ," ಎಂದ. "ಅವ್ನನ್ನ ಕೇಳೂಕೆ ನಂಗೆ ಧೈರ್ಯ ಇರ್ಲಿಲ್ಲ. ಅಷ್ಟು ದೊಡ್ಡ ಸೇಠ್, ನನ್ ಗೋಡೌನ್ ನೋಡೂಕೆ ಬರ್ತಾನಾ ಅಂತ." ನನ್ನ ಕಡೆ ತಿರುಗಿ ಕೇಳಿದ, "ಅವ್ನು ಹೀಂಗಿದ್ದದ್ದು ನಿಂಗೆ ಗೊತ್ತಿತ್ತಾ, ಭಾಯ್?"

"ಇಲ್ಲ," ಎಂದೆ.

ಮನೆಗೆ ಬಂದು ಫೈಲನ್ನು ಬಿಚ್ಚಿದೆ. ಎಲ್ಲ ವರ್ಷದ ಹಾಳೆಗಳೂ ಒಂದರ ಕೆಳಗೊಂದು ಇದ್ದವು. ಎಲ್ಲಕ್ಕಿಂತ ಮೇಲೆ ಐದು ಕಾಲಂನ ಆ ಹಾಳೆ. 'ಬೇಕಾದದ್ದು' ಎಂಬುದರ ಕೆಳಗೆ ನಲವತ್ತು ಚಿಲ್ಲರೆ ಹೆಸರುಗಳ ಮುಂದೆಯೂ ಖಾಲಿ. ಅವನ ಹೆಸರಿನ ಮುಂದೆಯೂ ಖಾಲಿ. ಅಲ್ಲಿ ನಾನು ಬರೆಯಬೇಕಿತ್ತು. ಕೊನೆಯವರೆಗೂ ತನ್ನ ನಿಯಮವನ್ನು ಅವನು ಮುರಿದಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಅಷ್ಟೂ ಆಗಲಿಲ್ಲ. ಅವನು ಹೋದ ಮೇಲೆ ಎರಡು ವರ್ಷ ಪಟ್ಟಿ ನಿಂತಿತ್ತು. ಈ ವರ್ಷ ಗುಂಪಿನಲ್ಲಿ ಯಾರೋ ನೆನಪು ಮಾಡಿದರು, ಸಿ.ಆರ್.ನ ಊರ ಕಡೆಯವನೆಂದು ಹೊಣೆ ನನ್ನ ತಲೆಗೆ ಬಂತು. ಈ ಸಲ ಐದು ಕಾಲಂ ಹಾಕಬೇಕೆಂದು ಫೈಲು ಹುಡುಕಿ ತೆಗೆದದ್ದು. ಒಂದು ಹೊಸ ಹಾಳೆಯ ಮೇಲೆ ಸ್ಕೇಲು ಇಟ್ಟು ನಾಲ್ಕು ಗೆರೆ ಎಳೆದೆ. ಐದನೆಯದಕ್ಕೆ ಕೈ ಏಳಲಿಲ್ಲ. ಅದನ್ನು ಎಳೆದರೆ ನನ್ನ ಹೆಸರಿನ ಮುಂದೆಯೂ ಏನಾದರೂ ಬರೆಯಬೇಕಾಗುತ್ತದಲ್ಲ... ನಲವತ್ತೇಳರ ಪ್ರಾಯದಲ್ಲಿ, ನಾಲ್ಕು ತಿಂಗಳಿಂದ ಮನೆಯಲ್ಲಿ ಕೂತಿರುವ ನನಗೂ ಒಂದು ಕೆಲಸ ಬೇಕಾಗಿದೆ.

ನಿಯಮ ಮಾತ್ರ ಈಗಲೂ ಅದೇ. ನನ್ನ ಸಾಲನ್ನು ಬರೆಯುವವನು ಭಟ್ಕಳದವನು. ನಿನ್ನೆ ಸಂಜೆ ಅವನ ಫೋನು ಬಂತು. ಗೋಡೌನಿಗೆ ಇನ್ನೂ ಸರಿಯಾದ ಮನುಷ್ಯ ಸಿಕ್ಕಿಲ್ಲ ಎಂದು ಮಾತಿನ ನಡುವೆ ಹೇಳಿದ. ಫೈಲು ನನ್ನ ತೊಡೆಯ ಮೇಲಿತ್ತು. ಕೋಣೆಯ ತುಂಬ ಒಣಸೆಟ್ಲಿಯ ವಾಸನೆ.

"ನಿಂದು ಎಂತ ಬರೀಲಿ ಭಾಯ್?" ಎಂದು ಕೇಳಿದ.

"ಹೋದ ಸಲದ್ದೇ ಬರಿ," ಎಂದೆ. "ಬ್ರಾಂಚ್ ಮ್ಯಾನೇಜರ್, ಕುಮಟಾ. ಎಲ್ಲ ಆರಾಮ."

"ಆತು," ಎಂದು ಅವನು ಫೋನಿಟ್ಟ.